ಸೊಪ್ಪಿಗೆ ಕೈ ಮುಗಿದವರು

ಭದ್ರಾವತಿ
ಶನಿವಾರ, ೧೨ ಫೆಬ್ರವರಿ ೧೯೩೮

ಸುಭದ್ರೆಗೆ,

ಈ ಜಾಗದಲ್ಲಿ ಆಶೀರ್ವಾದ ಎಂದು ಬರೆಯುವುದು ವಾಡಿಕೆ. ಬರೆಯಲು ಹೋದೆ, ಪೆನ್ನು ನಿಂತಿತು. ನಲವತ್ತಾರನೆಯ ವಯಸ್ಸಿನಲ್ಲಿ ಬೆಟ್ಟ ಹತ್ತಿ, ಎಡಗಾಲು ಊದಿಸಿಕೊಂಡು, ಬಿಸಿನೀರಿನ ಬೋಗುಣಿಯಲ್ಲಿ ಪಾದ ಇಟ್ಟುಕೊಂಡು ಕೂತಿರುವ ಮನುಷ್ಯನ ಆಶೀರ್ವಾದ ಶಿವಮೊಗ್ಗದವರೆಗೆ ಬರುವ ಭರವಸೆಯಿಲ್ಲ. ಆದ್ದರಿಂದ ನಿನ್ನ ಹೆಸರಷ್ಟೇ ಇರಲಿ.

ನಿನ್ನ ಕಾಗದ ಹೋದ ವಾರದ ಗುರುವಾರವೇ ಬಂತು. ಒಂಬತ್ತು ಸಾಲು. ಶಾಲೆಯ ಕಮಿಟಿಯವರು ನಿನ್ನನ್ನು ಮುಖ್ಯೋಪಾಧ್ಯಾಯಿನಿಯಾಗಿ ಕಾಯಂ ಮಾಡುತ್ತೇವೆ ಎನ್ನುತ್ತಿದ್ದಾರೆ. ಒಪ್ಪಿಕೊಂಡರೆ ಇನ್ನು ಶಿವಮೊಗ್ಗ ಬಿಡುವ ಮಾತಿಲ್ಲ. ಒಪ್ಪದಿದ್ದರೆ ಈಗಿನ ಕೆಲಸವೂ ಮಾರ್ಚಿಗೆ ಮುಗಿಯುತ್ತದೆ, ಆಗ ಭದ್ರಾವತಿಗೆ ಬರಬಹುದು. ಸೋಮವಾರ ಹದಿನಾಲ್ಕನೇ ತಾರೀಖು ಸಂಜೆಯೊಳಗೆ ಅವರಿಗೆ ಉತ್ತರ ಬೇಕು. ‘ನಿಮಗೇನು ಬೇಕು, ಬರೆಯಿರಿ’ ಎಂದು ಕೇಳಿದ್ದೀ. ಕೊನೆಯ ಸಾಲಿಗೆ ನೀನು ಅಡಿಗೆರೆ ಎಳೆದಿದ್ದೆ: ‘ನಿನ್ನ ಇಷ್ಟ’ ಎಂದು ಮಾತ್ರ ಬರೆಯಬೇಡಿ.

ನಿಜ ಹೇಳಬೇಕೆಂದರೆ ಅದನ್ನೇ ಬರೆಯಲು ಕಾರ್ಡು ತೆಗೆದಿದ್ದೆ. ಇಪ್ಪತ್ತು ವರ್ಷದಲ್ಲಿ ನಾನು ನಿನಗೆ ಹೆಚ್ಚು ಸಲ ಹೇಳಿದ ಮಾತು ಅದೇ ಇರಬೇಕು. ಯಾವ ಸೀರೆ ಎಂದರೆ ನಿನ್ನ ಇಷ್ಟ. ಟ್ರೇನಿಂಗಿಗೆ ಹೋಗಲೇ ಎಂದರೆ ನಿನ್ನ ಇಷ್ಟ. ತಾಯಿಗೆ ಹುಷಾರಿಲ್ಲ, ಶಿವಮೊಗ್ಗದ ಹೊಸಮನೆಗೆ ಹೋಗಿ ನೋಡಿಕೊಳ್ಳಲೇ ಎಂದರೆ ನಿನ್ನ ಇಷ್ಟ. ಅದಾಗಿ ಎರಡೂವರೆ ವರ್ಷವಾಯಿತು. ಅತ್ತೆಯವರು ಗುಣವಾದರು. ನೀನು ಬರಲಿಲ್ಲ, ಶಾಲೆಗೆ ಸೇರಿದೆ. ನಾನು ಬಾ ಎನ್ನಲಿಲ್ಲ. ಜಗಳವಾಗಿದ್ದರೆ ರಾಜಿಗೆ ಯಾರಾದರೂ ಬರುತ್ತಿದ್ದರು. ಮಕ್ಕಳಿದ್ದರೆ ಅವರ ಬಾಯಲ್ಲಿ ಹೇಳಿಕಳಿಸಬಹುದಿತ್ತು. ನಮ್ಮಲ್ಲಿ ಎರಡೂ ಇಲ್ಲದ್ದರಿಂದ ಎಲ್ಲವೂ ಬಹಳ ಮರ್ಯಾದೆಯಿಂದ ನಡೆದುಹೋಯಿತು.

ನಿನ್ನ ಪ್ರಶ್ನೆಗೆ ಉತ್ತರ ಈ ಕಾಗದದಲ್ಲೇ ಇದೆ. ಆದರೆ ಮೊದಲು ಬೆಟ್ಟದ ವಿಷಯ ಹೇಳಬೇಕು. ಜಾರಿಕೊಳ್ಳುತ್ತಿದ್ದಾನೆ ಎಂದುಕೊಳ್ಳಬೇಡ.

ನಮ್ಮ ಕಬ್ಬಿಣದ ಕಾರ್ಖಾನೆಯ ಕೆಲವರು ಸೇರಿ ಒಂದು ವಿಹಾರ ಮಂಡಳಿ ಮಾಡಿಕೊಂಡಿದ್ದಾರೆ. ಕಾರ್ಯದರ್ಶಿ ಟೈಂ ಆಫೀಸಿನ ಮೂರ್ತಪ್ಪ. ನೀನು ಹೋದಮೇಲೆ ಬಂದವನು, ನಿನಗೆ ಗೊತ್ತಿಲ್ಲ. ದಿನವೂ ಗೇಟಿನ ಹತ್ತಿರ ಕೂತು ಸಾವಿರಾರು ಜನರ ಹಾಜರಿ ನೋಡಿ ನೋಡಿ, ಮನುಷ್ಯ ಎಂದರೆ ಒಂದು ಹೆಸರು ಮತ್ತು ಅದರ ಮುಂದೊಂದು ಗುರುತು ಎಂಬ ತೀರ್ಮಾನಕ್ಕೆ ಬಂದಿದ್ದಾನೆ. ಜನವರಿಯಲ್ಲಿ ಅವನು ನೋಟೀಸು ಹಚ್ಚಿದ: ಕೊಡಚಾದ್ರಿಗೆ ಮೂರು ದಿನದ ಕಾಲ್ನಡಿಗೆ ಪ್ರವಾಸ, ದಾರಿ ತೋರಿಸುವವರಿದ್ದಾರೆ, ಹಾಸಿಗೆ ಒಂದು, ಲೋಟ ಒಂದು, ಎರಡು ದಿನದ ರೊಟ್ಟಿ, ಕುಟುಂಬ ಸಮೇತ ಬರತಕ್ಕದ್ದು. ಕುಟುಂಬ ಏಕೆ ಎಂದು ಯಾರೋ ಕೇಳಿದ್ದಕ್ಕೆ, “ಬರೀ ಗಂಡಸ್ರನ್ನ ಕರ್ಕೊಂಡು ಹೋದ್ರೆ ಬೆಟ್ಟದ ಬುಡದಲ್ಲಿ ಇಸ್ಪೀಟಿಗೆ ಕೂತ್ಕೋತಾರೆ, ಹತ್ತಲ್ಲ,” ಎಂದ.

ನೋಟೀಸಿನ ಕೆಳಗೆ ನನ್ನ ಹೆಸರು ಬರೆದು, ಪಕ್ಕದಲ್ಲಿ ನಿನ್ನ ಹೆಸರನ್ನೂ ಬರೆದೆ. ನಿನ್ನನ್ನು ಕರೆಯಬೇಕೆಂದೇ ಇತ್ತು. ಆ ಸಂಜೆ ಕಾರ್ಡು ಹಿಡಿದು ಕೂತು, ‘ಕೊಡಚಾದ್ರಿಗೆ ಹೋಗುವುದಿದೆ, ನಿನಗೆ ಬಿಡುವಿದ್ದರೆ’ ಎಂಬಲ್ಲಿಗೆ ನಿಲ್ಲಿಸಿದೆ. ಶಾಲೆಯ ಪರೀಕ್ಷೆಯ ಸಮಯ, ನಿನಗೆ ಬಿಡುವಿರುವುದಿಲ್ಲ ಎಂದು ನಾನೇ ತೀರ್ಮಾನಿಸಿ ಕಾರ್ಡನ್ನು ಡ್ರಾಯರಿಗೆ ಹಾಕಿದೆ. ನಿನ್ನ ಪರವಾಗಿ ನಾನು ಹೀಗೆ ತೀರ್ಮಾನಿಸಿಬಿಟ್ಟ ಸಂಗತಿಗಳು ಎಷ್ಟೋ.

ಐದನೇ ತಾರೀಖು ಬೆಳಿಗ್ಗೆ ಬಸ್ಸಿನ ಹತ್ತಿರ ಮೂರ್ತಪ್ಪ ರಿಜಿಸ್ಟರು ಬಿಚ್ಚಿ, “ಎಲ್ರೀ ಮನೆಯವ್ರು?” ಎಂದ.

ಜ್ವರ ಎಂದೆ.

ಸುಳ್ಳು ಹೇಳುವುದು ಇಷ್ಟು ಸುಲಭವೆಂದು ನನಗೆ ತಿಳಿದಿರಲಿಲ್ಲ. ಆದರೆ ಮೂರ್ತಪ್ಪ ಬರೆದ ಹೆಸರನ್ನು ಹೊಡೆದುಹಾಕುವವನಲ್ಲ. ಬಸ್ಸು ನಿಂತಲ್ಲೆಲ್ಲ ಅವನು ಹಾಜರಿ ಕರೆಯುತ್ತಾನೆ. ಹನ್ನೊಂದನೆಯ ಹೆಸರು ನಿನ್ನದು. “ಸುಭದ್ರಮ್ಮ?” ಎನ್ನುತ್ತಾನೆ. ಮೊದಲ ಸಲ ನಾನು ಸಣ್ಣ ದನಿಯಲ್ಲಿ ಜ್ವರ ಎಂದೆ. ಎರಡನೆಯ ಸಲ ಪಕ್ಕದವರೂ ಸೇರಿ ಹೇಳಿದರು. ಮೂರನೆಯದು ಶಿವಮೊಗ್ಗದಲ್ಲಿ, ಹೊಳೆಯ ಸೇತುವೆಯ ಹತ್ತಿರ, ಕಾಫಿಗೆ ನಿಂತಾಗ. ನಿನ್ನ ಊರಿನಲ್ಲೇ, ನಿನ್ನ ಮನೆಗೆ ಸ್ವಲ್ಪವೇ ದೂರದಲ್ಲಿ, ಹದಿಮೂರು ಜನ ಒಟ್ಟಿಗೆ “ಜ್ವರ!” ಎಂದು ಕೂಗಿದರು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕ ಹೆದರಿ ನಿಂತ. ನಾನು ಲೋಟದೊಳಗೆ ಮುಖ ಹುದುಗಿಸಿಕೊಂಡೆ.

ಆ ಹದಿಮೂರು ಜನರಲ್ಲಿ ಇಬ್ಬರನ್ನು ನೀನು ಬಲ್ಲೆ: ಸ್ಟೋರಿನ ಕಲ್ಲಪ್ಪ ಮತ್ತು ಅವನ ಹೆಂಡತಿ ಹಾಲಮ್ಮ. ನಿನಗೆ ಗೊತ್ತಿಲ್ಲದ ಇನ್ನೊಬ್ಬ ಎರಕದ ಮನೆಯ ಆರುಮುಗಂ, ಹೆಂಡತಿಯನ್ನೂ ಭಾವಮೈದುನನನ್ನೂ ಕರೆತಂದಿದ್ದ. ಹಾಲಮ್ಮ ದಾರಿಯುದ್ದಕ್ಕೂ ನನ್ನನ್ನು ಬಿಡಲಿಲ್ಲ. “ಅಲ್ರೀ, ಜ್ವರದ ಹೆಂಡ್ತಿನ ಬಿಟ್ಟು ಬೆಟ್ಟ ಹತ್ತೋಕೆ ಹೊರಟಿದೀರಲ್ಲ, ನಿಮ್ಮ ಎದೆ ಯಾವ ಅದಿರಿಂದ ತೆಗೆದಿದ್ದು?” ಎಂದಳು. ಆ ರಾತ್ರಿ ನಗರ ಎಂಬ ಊರಿನಲ್ಲಿ ಶಾಲೆಯ ಜಗಲಿಯ ಮೇಲೆ ಇಳಿದುಕೊಂಡಾಗ ಶುಂಠಿ, ಮೆಣಸು, ಅಮೃತಬಳ್ಳಿ ಒಣಗಿಸಿ ಕುಟ್ಟಿದ ಪುಡಿಯ ಗಂಟೊಂದನ್ನು ನನ್ನ ಕೈಗಿಟ್ಟು, ನಿನಗೆ ಹೇಗೆ ಕುದಿಸಿ ಕೊಡಬೇಕು ಎಂದು ಎರಡು ಸಲ ಹೇಳಿಕೊಟ್ಟಳು. ಎರಡನೆಯ ಸಲ ಹೇಳುವಾಗ ಅವಳ ಮುಖದಲ್ಲಿ ನಗುವಿತ್ತು. ಅದು ನನಗೆ ಆಮೇಲೆ ಅರ್ಥವಾಯಿತು.

ಭಾನುವಾರ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ದಾರಿ ತೋರಿಸುವ ಹೊನ್ನಯ್ಯ ಬಂದು ಸೇರಿದ. ಅಲ್ಲಿಯೇ ಗದ್ದೆ ಮಾಡಿಕೊಂಡಿರುವ ರೈತ, ಐವತ್ತರ ಆಸುಪಾಸು, ಕುಳ್ಳ, ಸೊಂಟದಲ್ಲಿ ಕತ್ತಿ. ನಡೆಯಲು ಶುರುಮಾಡಿದರೆ ಹಿಂದೆ ತಿರುಗಿ ನೋಡದ ಮನುಷ್ಯ. ಹೊರಡುವ ಮೊದಲು ಎಲ್ಲರನ್ನೂ ನಿಲ್ಲಿಸಿಕೊಂಡು ಅವನು ಕಾಡಿನ ಒಂದು ಕಟ್ಟಳೆ ಹೇಳಿದನಂತೆ: “ದಾರಿ ಎಲ್ಲಿ ಕವಲು ಒಡೀತದೋ ಅಲ್ಲಿ, ಹೋಗಬಾರದ ದಾರಿಗೆ ಒಂದು ಹಸಿ ಸೊಪ್ಪಿನ ಕೊಂಬೆ ಅಡ್ಡ ಇಟ್ಟು ಹೋಗಿರ್ತೀನಿ. ಸೊಪ್ಪು ಕಂಡ್ರೆ ಆ ದಾರಿ ಹಿಡೀಬ್ಯಾಡಿ.” ‘ಹೇಳಿದನಂತೆ’ ಎಂದು ಏಕೆ ಬರೆಯುತ್ತಿದ್ದೇನೆಂದರೆ, ಆ ಹೊತ್ತಿಗೆ ನಾನು ಕೆಳಗೆ ಹಳ್ಳದ ದಂಡೆಯಲ್ಲಿ ಲಿಂಗಪೂಜೆಗೆ ಕೂತಿದ್ದೆ. ನೀರು ತಣ್ಣಗಿತ್ತು. ಭಕ್ತಿಗಿಂತ ಚಳಿಯಿಂದ ಕಣ್ಣು ಮುಚ್ಚಿದ್ದೆ.

ಹತ್ತುತ್ತ ಹತ್ತುತ್ತ ನಮ್ಮ ಗುಂಪು ತಾನಾಗಿ ಮೂರು ಭಾಗವಾಯಿತು. ಮುಂದೆ ಹೊನ್ನಯ್ಯ, ಮೂರ್ತಪ್ಪ, ಕಾಲಿನಲ್ಲಿ ಕಸುವಿದ್ದವರು. ಕೊನೆಯಲ್ಲಿ ಹಾಲಮ್ಮ, ಕಲ್ಲಪ್ಪ, ಆರುಮುಗಂ. ನಡುವೆ ನಾನೊಬ್ಬ. ನನ್ನ ನಡಿಗೆ ಯಾವಾಗಲೂ ಹಾಗೇ ತಾನೆ: ಮುಂದಿನವರನ್ನು ಮುಟ್ಟುವುದಿಲ್ಲ, ಹಿಂದಿನವರಿಗಾಗಿ ನಿಲ್ಲುವುದಿಲ್ಲ. ನಿನ್ನ ಕಾಗದ ಕೋಟಿನ ಒಳಜೇಬಿನಲ್ಲಿತ್ತು. ಏದುಸಿರು ಬಂದಾಗೆಲ್ಲ ಅದು ಎದೆಗೆ ಚುಚ್ಚುತ್ತಿತ್ತು. ಲಕೋಟೆಯ ಮೂಲೆ, ಬೇರೇನಲ್ಲ.

ಒಂದು ಕಡೆ ದಾರಿ ಎರಡಾಯಿತು. ಬಲಕ್ಕೆ ಕಡಿದಾದ ಏರು, ಕಲ್ಲು. ಎಡಕ್ಕೆ ನೆರಳಿನ ಮಟ್ಟಸ ದಾರಿ, ಅದರ ಬಾಯಿಗೆ ಒಂದು ಹಸಿ ಸೊಪ್ಪಿನ ಕೊಂಬೆ. ನೋಡಿದೊಡನೆ ನನಗೆ ಏನೆಂದು ತಿಳಿದುಹೋಯಿತು. ನಮ್ಮೂರು ಹೊಳಲೂರಿನಿಂದ ನನ್ನ ತಾಯಿಯ ತವರಿಗೆ ಹೋಗುವಾಗ ಕಾನುಕಾಡಿನ ಅಂಚಿನಲ್ಲಿ ಸೊಪ್ಪಿನಮ್ಮ ಇದ್ದಳು. ಗುಡಿಯಿಲ್ಲ, ಕಲ್ಲಿಲ್ಲ, ಬರೀ ಸೊಪ್ಪಿನ ಗುಡ್ಡೆ. ಹೋಗುವವರು ಬರುವವರು ಒಂದೊಂದು ಚಿಗುರು ಮುರಿದು ಹಾಕಿ ಕೈ ಮುಗಿಯಬೇಕು, ಹಾಗೆ ಮಾಡಿದರೆ ಕಾಲು ನೋಯುವುದಿಲ್ಲ. ಅವ್ವ ನನ್ನನ್ನು ಎತ್ತಿ ಹಿಡಿದು ನನ್ನ ಕೈಯಿಂದಲೇ ಹಾಕಿಸುತ್ತಿದ್ದಳು. ದೇವರ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯವಿಲ್ಲವೆಂದು ನಿನಗೆ ಗೊತ್ತು. ಆದರೂ ಕೈ ಮೇಲಕ್ಕೆ ಹೋಯಿತು, ಒಂದು ಚಿಗುರು ಮುರಿಯಿತು, ಕೊಂಬೆಯ ಮೇಲಿಟ್ಟಿತು. ಕೈ ಮುಗಿದು, ದೇವಿಯನ್ನು ತುಳಿಯದಂತೆ ಜಾಗರೂಕತೆಯಿಂದ ಬದಿಯಲ್ಲಿ ದಾಟಿ, ಆ ನೆರಳಿನ ದಾರಿಯಲ್ಲಿ ಬಹಳ ಸಮಾಧಾನದಿಂದ ನಡೆದೆ.

ಹಿಂದೆ ಬರುತ್ತಿದ್ದ ಮೂವರೂ ಇದನ್ನು ದೂರದಿಂದ ನೋಡಿದರು. ಹೊನ್ನಯ್ಯನ ಮಾತನ್ನು ಅವರು ಕಿವಿಯಾರೆ ಕೇಳಿದವರು. ಆದರೂ ಹಾಲಮ್ಮ ಒಂದು ಚಿಗುರು ಹಾಕಿದಳು, ಕಲ್ಲಪ್ಪ ಒಂದು, ಆರುಮುಗಂ ಎರಡು, ಒಂದು ತನಗೆ, ಒಂದು ಮುಂದೆ ಹೋದ ಹೆಂಡತಿಗೆ. ಆಮೇಲೆ ಕೇಳಿದಾಗ ಕಲ್ಲಪ್ಪ ಹೇಳಿದ್ದು: “ನಂಗೆ ಅನುಮಾನ ಬಂತು. ಆದ್ರೆ ಡ್ರಾಯಿಂಗ್ ಆಫೀಸಿನವ್ರು ಕೈ ಮುಗಿದು ಹೋದ್ರಲ್ಲ, ನಕ್ಷೆ ನೋಡಿರೋರು, ಸರಿಯಾಗೇ ಇರುತ್ತೆ ಅಂದ್ಕೊಂಡೆ.”

ಅರ್ಧ ಗಂಟೆ ನಡೆದಿರಬೇಕು. ದಾರಿ ಇಳಿಯತೊಡಗಿತು. ಬೆಟ್ಟ ಹತ್ತುವವರು ಇಳಿಯುತ್ತಿದ್ದೇವೆ ಎಂಬುದು ನಾಲ್ವರಿಗೂ ಕಾಣುತ್ತಿತ್ತು, ಯಾರೂ ಬಾಯಿಬಿಡಲಿಲ್ಲ. ನಾನು ಮೊದಲನೆಯವನಾದ್ದರಿಂದ ಹೇಳಲಿಲ್ಲ. ಅವರು ನನ್ನ ಹಿಂದಿದ್ದುದರಿಂದ ಹೇಳಲಿಲ್ಲ. ಕೊನೆಗೆ ಆರುಮುಗಂ ನನ್ನನ್ನು ದಾಟಿ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತ. “ಸಾರ್, ಮುಂದೆ ದಾರಿ ಇಲ್ಲ. ಆಕಾಶ ಇದೆ,” ಎಂದ.

ನಿಜವಾಗಿಯೂ ಆಕಾಶವೇ ಇತ್ತು. ಕಾಲಿನ ಕೆಳಗೆ ಕಣಿವೆ, ಕಣಿವೆಯ ತುಂಬ ಬಿಸಿಲು, ದೂರದಲ್ಲಿ ಗಿಡುಗವೊಂದು ನಮಗಿಂತ ಕೆಳಗೆ ಹಾರುತ್ತಿತ್ತು. ಹಕ್ಕಿಯ ಬೆನ್ನನ್ನು ನಾನು ನೋಡಿದ್ದು ಅದೇ ಮೊದಲು. ಅದನ್ನೇ ನೋಡುತ್ತ ನಿಂತೆ, ಸುಭದ್ರೆ. ಹೆದರಿಕೆಯಾಗಬೇಕಿತ್ತು. ಬಹಳ ದಿನಗಳ ನಂತರ ನಗು ಬಂತು.

ಹೊನ್ನಯ್ಯ ಬಂದೇ ಬರುತ್ತಾನೆ, ಮೂರ್ತಪ್ಪನ ಹಾಜರಿಯಲ್ಲಿ ನಾಲ್ಕು ಹೆಸರು ಕಡಿಮೆ ಬೀಳದೆ ಇರುವುದಿಲ್ಲ ಎಂದು ಹಾಲಮ್ಮ ಅಲ್ಲೇ ಬಂಡೆಯ ಮೇಲೆ ರೊಟ್ಟಿಯ ಗಂಟು ಬಿಚ್ಚಿದಳು. ನನ್ನ ಕೈಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು, ಎದುರಿಗೆ ಕೂತು ಕೇಳಿದಳು: “ಈಗ ಹೇಳ್ರಿ. ಅವ್ರಿಗೆ ಜ್ವರ ಎಷ್ಟು ದಿನದ್ದು?”

ಬಂಡೆಯ ಮೇಲೆ ಕೂತಾಗ ಸುಳ್ಳು ಹೇಳಲು ಬರಲಿಲ್ಲ. “ಎರಡೂವರೆ ವರ್ಷದ್ದು,” ಎಂದೆ.

ಕಲ್ಲಪ್ಪನ ಬಾಯಿಂದ ರೊಟ್ಟಿಯ ಚೂರು ಹಾರಿತು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಂತೂ ಬಾಯಿಬಿಟ್ರಲ್ಲ ಮಾರಾಯ್ರೇ!” ಎಂದಳು ಹಾಲಮ್ಮ. “ಭದ್ರಾವತೀಲಿ ಕಾರ್ಖಾನೆ ಕೂಗು ಕೇಳದೇ ಇರೋರು ಇರಬಹುದು, ನಿಮ್ಮ ಮನೆ ಸುದ್ದಿ ಕೇಳದೇ ಇರೋರು ಯಾರಿದಾರೆ? ಜ್ವರ ಅಂತ ನಾವೂ ಕೂಗಿದ್ದು ಯಾಕೆ ಅಂದ್ಕೊಂಡ್ರಿ? ನಿಮ್ಮ ಮುಖ ನೋಡೋಕೆ!”

ಹದಿಮೂರು ಜನರಿಗೂ ಗೊತ್ತಿತ್ತಂತೆ. ಮೂರ್ತಪ್ಪನಿಗೊಬ್ಬನಿಗೆ ಗೊತ್ತಿರಲಿಲ್ಲ, ಅವನು ರಿಜಿಸ್ಟರಿನಲ್ಲಿ ಇಲ್ಲದ್ದನ್ನು ನಂಬುವುದಿಲ್ಲ.

ನಗು ನಿಂತಮೇಲೆ ಹಾಲಮ್ಮ ಕೇಳಿದಳು: “ಕರೆದ್ರಾ?”

“ಅವಳಿಗೆ ಅಲ್ಲಿ ಕೆಲಸ ಇದೆ. ತೊಂದರೆ ಆಗಬಾರದು ಅಂತ...”

“ನಾನು ಕೇಳಿದ್ದು ಅದಲ್ಲ. ಬಾ ಅಂತ ಕರೆದ್ರಾ, ಇಲ್ವಾ?”

“ಇಲ್ಲ.”

“ಬರಬ್ಯಾಡ ಅಂದ್ರಾ?”

“ಅದೂ ಇಲ್ಲ.”

“ಅಯ್ಯೋ ಶಿವನೇ,” ಎಂದು ಅವಳು ಗಂಡನ ಕಡೆ ತಿರುಗಿದಳು. “ಕೇಳಿದ್ರಾ? ಎಂಥಾ ಒಳ್ಳೇ ಮನುಷ್ಯ. ಇಂಥೋರ ಜೊತೆ ಯಾವಳು ಬಾಳ್ವೆ ಮಾಡ್ತಾಳೆ?”

ಕಲ್ಲಪ್ಪ ನನ್ನ ಸಹಾಯಕ್ಕೆ ಬಂದ ಹಾಗೆ ಮಾಡಿ, “ನೋಡಿ ಸ್ವಾಮಿ, ಇವಳು ತವರಿಗೆ ಹೋದ್ರೆ ನಾನು ನಾಲ್ಕನೇ ದಿನಕ್ಕೆ ಅಲ್ಲಿರ್ತೀನಿ,” ಎಂದ. ಹೋಗಿ ಏನು ಹೇಳುತ್ತೀರಿ ಎಂದು ಕೇಳಿದೆ. ನನಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. “ಹೇಳೋದೇನು? ಸಾರು ಮಾಡೋಕೆ ಬರಲ್ಲ ಅಂತೀನಿ.” “ಸುಳ್ಳು! ನನಗಿಂತ ಚೆನ್ನಾಗಿ ಮಾಡ್ತಾರೆ,” ಎಂದಳು ಹಾಲಮ್ಮ. ಹಾಗೆನ್ನುವಾಗ ಅವಳು ಸೆರಗನ್ನು ಸರಿಮಾಡಿಕೊಂಡ ರೀತಿಯನ್ನು ನಾನು ನೋಡಿದೆ. ಬೇರೆಯವರ ಸಂಸಾರವನ್ನು ಹಾಗೆ ನೋಡಬಾರದು. ಕಣಿವೆಯ ಕಡೆ ತಿರುಗಿದೆ.

ಮೇಲಿಂದ “ಕೂ” ಎಂದು ಕೇಳಿತು. ಹೊನ್ನಯ್ಯ ಇಳಿದು ಬಂದ. ಬೈಯುತ್ತಾನೆಂದುಕೊಂಡಿದ್ದೆವು, ಅವನ ಮುಖದಲ್ಲಿ ಬರೀ ಆಶ್ಚರ್ಯವಿತ್ತು. “ಅಲ್ಲ ಒಡೆಯಾ, ನಾನು ಒಂದು ಕೊಂಬೆ ಇಟ್ಟು ಹೋಗಿದ್ದೆ. ಈಗ ಬಂದು ನೋಡಿದ್ರೆ ಗುಡಿ ಕಟ್ಟೀರಿ! ನನ್ನ ಹಿಂದೆ ಸೌದೆಗೆ ಬಂದಿದ್ದ ಇಬ್ರು ಹೆಂಗಸ್ರು ಅದಕ್ಕೆ ಅಡ್ಡ ಬಿದ್ದು, ಯಾವ ಅಮ್ಮ ಅಂತ ನನ್ನೇ ಕೇಳ್ತಾರೆ.” ಆಮೇಲೆ ನನ್ನನ್ನು ನೋಡಿ, ಮಕ್ಕಳಿಗೆ ಹೇಳುವ ಹಾಗೆ, “ಬ್ಯಾಡ ಅಂತ ಇಟ್ಟಿದ್ದಕ್ಕೇ ಕೈ ಮುಗಿದು ಹೋದ್ರೆ ನಾನೇನ್ ಮಾಡ್ಲಿ, ಹೇಳಿ,” ಎಂದ.

ಮತ್ತೆ ಮೇಲಕ್ಕೆ ಹತ್ತುವಾಗ ಕಾಲು ಉಳುಕಿತು. ಅದಕ್ಕಿಂತ ಹೆಚ್ಚಾಗಿ ಅವನ ಆ ಮಾತು ಕುಂಟಿಸಿತು. ನೀನು ಹೋಗುವಾಗ ಬೀರುವಿನ ಬೀಗದ ಕೈಯನ್ನು ಒಳಗೆ ತೆಗೆದಿಡದೆ ಊಟದ ಮಣೆಯ ಮೇಲೆ ಬಿಟ್ಟು ಹೋಗಿದ್ದೆ. ಬಾ ಎಂದು ಕರೆಯಲು ಬಂದಾಗ ತೆಗೆದುಕೊಂಡು ಬನ್ನಿ ಎಂದಿರಬಹುದು. ಇನ್ನು ನನಗೆ ಬೇಡ ಎಂದಿರಬಹುದು. ಮರೆತೇ ಹೋಗಿದ್ದಿರಬಹುದು. ಯಾವುದೆಂದು ಕೇಳಬಹುದಿತ್ತು. ನಾನು ಅದನ್ನು ಒರೆಸಿ ಗೂಡಿನಲ್ಲಿಟ್ಟು, ಎರಡೂವರೆ ವರ್ಷ ಅದರ ಮುಂದೆ ಮರ್ಯಾದೆಯಿಂದ ಓಡಾಡಿದೆ. ಕೇಳದೆ ಇರುವುದನ್ನು ಗೌರವ ಎಂದುಕೊಂಡಿದ್ದೆ. ನಿನಗೆ ಅದು ಹೇಗೆ ಕಂಡಿತು ಎಂಬುದು ನಿನ್ನ ಅಡಿಗೆರೆಯಲ್ಲಿದೆ.

ತುದಿ ಮುಟ್ಟಿದಾಗ ಸಂಜೆಯಾಗುತ್ತಿತ್ತು. ಅಲ್ಲಿ ದೇವಸ್ಥಾನದ ಮುಂದೆ ಎತ್ತರದ ಕಬ್ಬಿಣದ ಕಂಬವೊಂದಿದೆ. ನಮ್ಮ ಕಾರ್ಖಾನೆಯವರು ದೇವಿಯ ದರ್ಶನಕ್ಕೆ ಮೊದಲು ಅದರ ದರ್ಶನ ಮಾಡಿದರು. ಕಲ್ಲಪ್ಪ ಉಗುರಿನಿಂದ ಕೆರೆದ, ಆರುಮುಗಂ ಕಲ್ಲಿನಿಂದ ತಟ್ಟಿ ಕಿವಿಗೊಟ್ಟ, ಇದು ಎರಕದ್ದೋ ಬಡಿದದ್ದೋ ಎಂದು ಜೋರಾಗಿ ವಾದ ಮಾಡಿದರು. ಎಷ್ಟು ಮಳೆಗಾಲ ನೆನೆದಿದೆಯೋ, ತುಕ್ಕು ತಿಂದಿಲ್ಲ. ಭಟ್ಟರು ದೀಪ ಹಿಡಿದುಕೊಂಡು ಇವರಿಗಾಗಿ ಕಾಯುತ್ತ ನಿಂತಿದ್ದರು. ಪಶ್ಚಿಮಕ್ಕೆ ಒಂದು ಬೆಳ್ಳಿಯ ಗೆರೆ ಕಂಡಿತು, ಸಮುದ್ರ ಎಂದರು. ದಿನವಿಡೀ ಗೆರೆ ಎಳೆಯುವ ಕೆಲಸ ನನ್ನದು. ಅಂಥದ್ದೊಂದನ್ನು ಎಳೆದಿಲ್ಲ.

ಮೂರ್ತಪ್ಪ ಅಲ್ಲೇ ಹಾಜರಿಗೆ ನಿಲ್ಲಿಸಿದ. ನಾವು ನಾಲ್ವರು ತಪ್ಪಿಹೋದದ್ದರಿಂದ ಅವನ ದನಿ ಬಿಗಿಯಾಗಿತ್ತು. ಒಂಬತ್ತು, ಹತ್ತು. “ಸುಭದ್ರಮ್ಮ?”

ಯಾರೂ ಜ್ವರ ಎನ್ನಲಿಲ್ಲ. ಹಾಲಮ್ಮ ಕಣ್ಣಿನಲ್ಲೇ ಎಲ್ಲರ ಬಾಯಿ ಕಟ್ಟಿದ್ದಳು. ಗಾಳಿ ಬೀಸುತ್ತಿತ್ತು. ಆ ಎತ್ತರದಲ್ಲಿ ನಿನ್ನ ಹೆಸರು ಯಾರದೋ ಬಾಯಿಂದ ಹೊರಟು, ಉತ್ತರವಿಲ್ಲದೆ, ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.

“ಶಿವಮೊಗ್ಗದಲ್ಲಿದ್ದಾಳೆ. ನಾನು ಕರೆದಿರಲಿಲ್ಲ,” ಎಂದೆ.

ಮೂರ್ತಪ್ಪ ರಿಜಿಸ್ಟರಿನಿಂದ ಕಣ್ಣೆತ್ತದೆ ಪೆನ್ಸಿಲ್ಲನ್ನು ನಾಲಿಗೆಗೆ ಮುಟ್ಟಿಸಿದ. “ಗೈರುಹಾಜರಿ. ಕಾರಣ, ಕರೆದಿಲ್ಲ,” ಎಂದು ಓದಿಕೊಳ್ಳುತ್ತ ಬರೆದುಕೊಂಡ. “ಹನ್ನೆರಡು, ಕಲ್ಲಪ್ಪ?” ಎಂದು ಮುಂದಕ್ಕೆ ಹೋದ. ಜೀವಮಾನದಲ್ಲಿ ನಾನು ಆಡಿದ ಅತ್ಯಂತ ಕಷ್ಟದ ಮಾತು ಒಂದು ಕಾಲಮ್ಮಿನಲ್ಲಿ ಸರಿಯಾಗಿ ಹಿಡಿಸಿತು.

ಮೇಲೆ ನಾನು ಆರೋಗ್ಯದ ವಿಷಯ ಪೂರ್ತಿ ಬರೆಯಲಿಲ್ಲ. ಐದು ದಿನದಿಂದ ಕಚೇರಿಗೆ ಹೋಗಿಲ್ಲ. ಕಾಲಿನ ಹೆಸರಿನಲ್ಲಿ ರಜೆ. ಊಟ ಹಾಲಮ್ಮನ ಮನೆಯಿಂದ ಬರುತ್ತಿದೆ. ನಿನಗೆ ಹಿಂದಿನ ಕಾಗದಗಳಲ್ಲಿ ‘ಅಡಿಗೆ ನಾನೇ ಚೆನ್ನಾಗಿ ಮಾಡಿಕೊಳ್ಳುತ್ತೇನೆ’ ಎಂದು ಬರೆದಿದ್ದೆನಲ್ಲ, ಅದು ಜ್ವರದಷ್ಟೇ ಸತ್ಯ.

ಇನ್ನು ಉತ್ತರ.

ಕೆಲಸ ಒಪ್ಪಿಕೋ. ನೀನು ಬೋರ್ಡಿನ ಮುಂದೆ ನಿಲ್ಲುವುದನ್ನು ನಾನು ನೋಡಿಲ್ಲ, ಆದರೆ ಈ ಎರಡೂವರೆ ವರ್ಷದ ನಿನ್ನ ಕಾಗದಗಳಲ್ಲಿ ಮಕ್ಕಳ ಬಗ್ಗೆ ಬರೆದ ಸಾಲುಗಳು ಬೇರೆ ಸಾಲುಗಳಿಗಿಂತ ಉದ್ದವಾಗಿವೆ. ಅಷ್ಟು ಸಾಕು. ಅದನ್ನು ಬಿಟ್ಟು ಈ ಕ್ವಾರ್ಟರ್ಸಿನ ಅಡಿಗೆಮನೆಗೆ ಬಂದು ನಿಂತರೆ ನೀನು ಏನೂ ಅನ್ನುವುದಿಲ್ಲ, ನಾನೂ ಏನೂ ಅನ್ನುವುದಿಲ್ಲ, ಇಬ್ಬರೂ ಹಾಗೆಯೇ ಮುದುಕರಾಗುತ್ತೇವೆ. ನನಗೆ ಅದು ಬೇಡ. ಇದು ನಿನ್ನ ಇಷ್ಟವಲ್ಲ, ನನ್ನದು.

ಇದು ಅರ್ಧ ಉತ್ತರ ಎಂದು ಗೊತ್ತು. ಇಷ್ಟಕ್ಕೇ ನಿಲ್ಲಿಸಿದರೆ ‘ಅಲ್ಲೇ ಇರು’ ಎಂದು ಕೈತೊಳೆದುಕೊಂಡ ಹಾಗಾಗುತ್ತದೆ. ಇನ್ನರ್ಧವನ್ನು ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದೆ. ಕಾಗದದ ಮೇಲೆ ಅದು ಅಳತೆಗೆ ಸರಿಯಾಗಿದ್ದು, ಓದಿದರೆ ಯಾವುದೋ ಯಂತ್ರದ ಭಾಗದಂತೆ ಕಾಣುತ್ತದೆ. ಅದನ್ನು ಬರೆಯುವುದಲ್ಲ, ಬೇರೆ ಏನಾದರೂ ಮಾಡಬೇಕು. ಏನು ಎಂದು ಯೋಚಿಸುತ್ತಿದ್ದೇನೆ. ಬೋಗುಣಿಯ ನೀರು ತಣ್ಣಗಾಯಿತು.

ಒಂದು ಕಾಲು ನೆಟ್ಟಗಿರುವ
ಶಿವಯೋಗಪ್ಪ

ಮರೆತದ್ದು (ಪೆನ್ಸಿಲ್ಲಿನಲ್ಲಿದೆ, ಕ್ಷಮಿಸು. ಶಿವಮೊಗ್ಗ, ಸೋಮವಾರ ಮಧ್ಯಾಹ್ನ):

ಲಕೋಟೆಗೆ ಸ್ಟಾಂಪಿಲ್ಲದ್ದನ್ನು ನೋಡಿರುತ್ತೀ. ಟಪಾಲಿಗೆ ಹಾಕಿದರೆ ಇವತ್ತು ಸಂಜೆಯೊಳಗೆ ಸಿಕ್ಕೀತೋ ಇಲ್ಲವೋ ಎಂದು ನಿನ್ನೆ ಬೆಳಗಿನ ಗಾಡಿಗೇ ಬಂದೆ. ನಿನ್ನೆಯೆಲ್ಲ ಕುಂಟಿಕೊಂಡು ಮನೆ ಹುಡುಕಿದೆ, ರಾತ್ರಿ ಛತ್ರದಲ್ಲಿದ್ದೆ. ಒಂದು ಸಿಕ್ಕಿದೆ. ಎರಡು ಕೋಣೆ, ಹಿತ್ತಿಲಲ್ಲಿ ಬಾವಿ. ನಿಮ್ಮ ಶಾಲೆಗೆ ಹತ್ತು ನಿಮಿಷದ ದಾರಿ, ಅತ್ತೆಯವರೂ ನಡೆದು ಬರಬಹುದು. ಬೆಳಗಿನ ಗಾಡಿಗೆ ಭದ್ರಾವತಿಗೆ ಹೋಗಿ ಸಂಜೆಯ ಗಾಡಿಗೆ ಮರಳುವವರು ಕಾರ್ಖಾನೆಯಲ್ಲಿ ಎಷ್ಟೋ ಮಂದಿ ಇದ್ದಾರೆ, ಅವರಲ್ಲಿ ನಾನೊಬ್ಬನಾಗುತ್ತೇನೆ. ಎಷ್ಟು ಜನ ಇರುತ್ತೀರಿ ಎಂದು ಮನೆಯ ಯಜಮಾನರು ಕೇಳಿದರು. ಇಬ್ಬರು ಎಂದೆ. ಆದರೆ ಅವಳು ಬಂದು ನೋಡದೆ ಹೂಂ ಅನ್ನಲಾರೆ ಎಂದು ಹೇಳಿ ಬೀಗದ ಕೈ ಇಸಿದುಕೊಂಡು ಬಂದಿದ್ದೇನೆ.

ಈ ಕಾಗದವನ್ನು ನಿಮ್ಮ ಶಾಲೆಯ ಆಯಾ ದುರ್ಗಮ್ಮನ ಕೈಲಿ ಕೊಡುತ್ತಿದ್ದೇನೆ. ಯಾರು ಕೊಟ್ರು ಅಂತ ಹೇಳ್ಲಿ ಎಂದು ಕೇಳುತ್ತಾಳೆ. ಮನೆಯವರು ಎಂದು ಹೇಳು ಎಂದಿದ್ದೇನೆ.

ಗೇಟಿನ ಎದುರಿಗೆ ಇದ್ದೇನೆ. ಶಾಲೆ ಬಿಟ್ಟ ಮೇಲೆ ಬಾ, ಕತ್ತಲಾಗುವ ಮೊದಲು ನೋಡಬೇಕು. ಅಡಿಗೆಮನೆಯ ಕಿಟಕಿ ಒಂದು ಗೋಡೆಗೆ, ಒಲೆ ಇನ್ನೊಂದು ಗೋಡೆಗೆ ಇದೆ. ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೋ ನನಗೆ ಎಷ್ಟು ನೋಡಿದರೂ ತಿಳಿಯಲಿಲ್ಲ.